ಅಜ್ಜ, ಕಿಟಕಿ ಚಿಲಕ ಹಾಕಿದ್ಯಾ?

ಜುಲೈ ತಿಂಗಳ ಒಂದು ಮಧ್ಯಾಹ್ನ. ಮಡಿಕೇರಿಯಲ್ಲಿ ಮೂರು ದಿನದಿಂದ ಬಿಟ್ಟೂ ಬಿಡದ ಮಳೆ. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಇಂಥ ದಿನ ನನ್ನ ಕ್ಲಿನಿಕ್‌ಗೆ ಬರುವುದು ಶೀತ, ಕೆಮ್ಮು, ಜ್ವರದ ಮಕ್ಕಳು. ಅವತ್ತು ನಾಪೋಕ್ಲು ಕಡೆಯಿಂದ ಬಂದವರದು ಬೇರೆಯೇ ಕಥೆ. ತಾಯಿ, ಅಜ್ಜ, ನಾಲ್ಕೂವರೆ ವರ್ಷದ ಹುಡುಗ. "ಹೊಟ್ಟೆನೋವು ಅಂತಾನೆ ಡಾಕ್ಟ್ರೇ. ಅದೂ ರಾತ್ರಿ ಮಲಗೋ ಹೊತ್ತಿಗೆ ಮಾತ್ರ" ಅಂದರು ತಾಯಿ.

ಹೊಟ್ಟೆ ಒತ್ತಿ ನೋಡಿದೆ. ಮೆತ್ತಗಿತ್ತು. ಊಟ ಸರಿ, ತೂಕ ಸರಿ. ಹುಡುಗ ಮಾತ್ರ ನನ್ನ ಕೋಣೆಯ ಕಿಟಕಿಯನ್ನೇ ನೋಡುತ್ತಿದ್ದ. ಕೊನೆಗೆ ಅಜ್ಜನ ಅಂಗಿ ಜಗ್ಗಿ ಕೇಳಿದ: "ಅಜ್ಜ, ಕಿಟಕಿ ಚಿಲಕ ಹಾಕಿದ್ಯಾ?"

ಅಜ್ಜ ನಕ್ಕರು. "ಮನೇಲೂ ಹೀಗೇ. ರಾತ್ರಿ ಮೂರು ನಾಲ್ಕು ಸಲ ಎಬ್ಬಿಸ್ತಾನೆ, ಚಿಲಕ ನೋಡು ಅಂತ."

ಒಂದು ಹಾಳೆ, ಪೆನ್ಸಿಲ್ ಕೊಟ್ಟು ರಾತ್ರಿ ಏನು ಕಾಣುತ್ತದೆ ಅಂತ ಬರೆಯಲು ಹೇಳಿದೆ. ಒಂದು ಚೌಕ ಬರೆದ. ಅದರ ಒಳಗೆ ಒಂದು ಕೈ. ಏಳು ಬೆರಳಿದ್ದವು. ಕೈಗೆ ಮನುಷ್ಯನೇ ಇರಲಿಲ್ಲ.

ವಿಚಾರಿಸಿದರೆ ವಿಷಯ ಹೊರಗೆ ಬಂತು. ಅಜ್ಜ ರಾತ್ರಿ ಊಟದ ಹೊತ್ತಿಗೆ ನೋಡುವುದು, ನಿಜವಾಗಿ ನಡೆದ ಅಪರಾಧಗಳನ್ನು ನಟರಿಂದ ಮಾಡಿಸಿ ತೋರಿಸುವ ಕಾರ್ಯಕ್ರಮ. ಹುಡುಗ ಅದೇ ಹೊತ್ತಿಗೆ ನೆಲದ ಮೇಲೆ ಕಾರು ಓಡಿಸುತ್ತಿರುತ್ತಾನೆ. "ಅವನೆಲ್ಲಿ ನೋಡ್ತಾನೆ?" ಅಂದರು ಅಜ್ಜ. ಆಮೇಲೆ ಇನ್ನೊಂದು ಮಾತು ಸೇರಿಸಿದರು. "ನಮ್ಮ ಮನೇಲಿ ಕೋವಿ ಉಂಟು. ತೋಟಕ್ಕೆ ಆನೆ ಬರ್ತದೆ. ಹಂದಿ ಕಡಿಯೋದನ್ನ ನೋಡಿದ್ದಾನೆ. ಅದಕ್ಕೆಲ್ಲ ಹೆದರದವ ಟಿವಿಗೆ ಹೆದರ್ತಾನಾ?"

ಕೊಡಗಿನಲ್ಲಿ ಮಕ್ಕಳ ಡಾಕ್ಟರ್ ಆಗಿರುವ ನಾನು ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತೇನೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಯೋಚಿಸಬೇಕಾದ ಮಾತು.

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ನೆನಪಿಸಿಕೊಳ್ಳಿ. ಸೆಪ್ಟೆಂಬರ್ ಶುರುವಿನಲ್ಲಿ, ನಾಟಿ ಮುಗಿದ ಮೇಲೆ, ಕೋವಿಗೂ ಒಡಿಕತ್ತಿಗೂ ಪೂಜೆ. ನಳಿಗೆಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸುತ್ತಾರೆ. ಕಡಂಬುಟ್ಟು, ಪಂದಿಕರಿ ಊಟ ಮುಗಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪುಟ್ಟ ಮಕ್ಕಳೂ ಅಲ್ಲೇ ಇರುತ್ತಾರೆ. ಅವರು ನೋಡುವುದೇನು? ಒಂದು ಗುಂಡು ಹಾರಿದರೆ ಕಿವಿ ಗುಂಯ್ ಅನ್ನುತ್ತದೆ. ಮದ್ದಿನ ವಾಸನೆ ಮೂಗಿಗೆ ಬಡಿಯುತ್ತದೆ. ಹೊಡೆದವರ ಭುಜ ಹಿಂದಕ್ಕೆ ಹೋಗುತ್ತದೆ. ಗೆರೆ ದಾಟಿದ ಮಗುವಿಗೆ ದೊಡ್ಡವರಿಂದ ಬೈಗುಳ. ಯಾರಾದರೂ ತಮಾಷೆಗೆ ಕೋವಿಯನ್ನು ಜನರ ಕಡೆ ತಿರುಗಿಸಿದರೆ ಮುಗೀತು, ಆ ವರ್ಷವಿಡೀ ಅವನಿಗೆ ಮರ್ಯಾದೆ ಇಲ್ಲ. ಕೋವಿಗೆ ತೂಕ ಇದೆ, ಸದ್ದಿದೆ, ನಿಯಮ ಇದೆ ಅನ್ನುವುದು ಮಗುವಿನ ಮೈಗೇ ಗೊತ್ತಾಗುತ್ತದೆ.

ಟಿವಿಯಲ್ಲಿ ಇದ್ಯಾವುದೂ ಇಲ್ಲ. ನಲವತ್ತು ಗುಂಡು ಹಾರಿದರೂ ನಾಯಕನ ಕ್ರಾಪು ಕೆಡುವುದಿಲ್ಲ. ಕಾರ್ಟೂನಿನಲ್ಲಿ ಸುತ್ತಿಗೆಯ ಏಟಿಗೆ ಚಪ್ಪಟೆಯಾದವನು ಮರುಕ್ಷಣ ಎದ್ದು ಓಡುತ್ತಾನೆ. ನೋವು ಅಂತ ಒಂದಿದೆ ಅನ್ನುವುದೇ ಕಾಣುವುದಿಲ್ಲ. ಹಾಗಾಗಿ ಮನೆಯಲ್ಲಿ ಕೋವಿ ಇರುವುದು ಟಿವಿ ಬಗ್ಗೆ ಧೈರ್ಯ ಕೊಡುವ ವಿಷಯವಲ್ಲ, ಜಾಸ್ತಿ ಎಚ್ಚರ ಕೊಡಬೇಕಾದ ವಿಷಯ. ನಮ್ಮಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಆ ವಿನಾಯಿತಿ ಬೀರುವಿನ ಬೀಗಕ್ಕಿಲ್ಲ. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಬೀಗದ ಕೈ ದೊಡ್ಡವರ ಹತ್ತಿರ. ಅಜ್ಜನಿಗೂ ಇದನ್ನೇ ಹೇಳಿದೆ. ಅವರಿಗೆ ಸ್ವಲ್ಪ ಕೋಪ ಬಂತು ಅಂತ ಕಾಣುತ್ತದೆ.

ಇನ್ನು 'ಅವನೆಲ್ಲಿ ನೋಡ್ತಾನೆ' ಅನ್ನುವ ಮಾತಿಗೆ ಬರೋಣ. ನಾಲ್ಕೂವರೆಯ ಮಗು ಕಥೆ ನೋಡುವುದಿಲ್ಲ, ನಿಜ. ಚಿತ್ರ ನೋಡುತ್ತದೆ. ಕಳ್ಳ ಯಾರು, ಪೊಲೀಸರಿಗೆ ಹೇಗೆ ಸಿಕ್ಕಿಬಿದ್ದ, ಅದೆಲ್ಲ ಅಜ್ಜನಿಗೆ ಅರ್ಥವಾಯಿತು. ಮೊಮ್ಮಗನಿಗೆ ಉಳಿದದ್ದು ಕಿಟಕಿಯೊಳಗೆ ಬಂದ ಒಂದು ಕೈ ಮಾತ್ರ.

'ಅದು ಸುಮ್ನೆ ನಾಟಕ ಕಣೋ' ಅಂದರೆ ಸಾಲದಾ? ಸಾಲದು. ಜಾನ್ ಫ್ಲಾವೆಲ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರ ತಂಡ 1990ರಲ್ಲಿ ಮಕ್ಕಳಿಗೆ ಟಿವಿಯಲ್ಲಿ ಒಂದು ಬಟ್ಟಲು ಪಾಪ್‌ಕಾರ್ನ್ ತೋರಿಸಿ, ಟಿವಿಯನ್ನು ತಲೆಕೆಳಗೆ ಮಾಡಿದರೆ ಇದು ಚೆಲ್ಲುತ್ತದಾ ಅಂತ ಕೇಳಿತ್ತು. ಮೂರು ವರ್ಷದ ಮಕ್ಕಳು ಹೌದು ಅಂದವು. ನಾಲ್ಕು ವರ್ಷದವು ಇಲ್ಲ ಅಂದವು. ಆದರೆ ಪಾಪ್‌ಕಾರ್ನ್ ಚೆಲ್ಲುವುದಿಲ್ಲ ಅಂತ ಗೊತ್ತಾದ ಮಾತ್ರಕ್ಕೆ ಆ ಕೈ ಹೊರಗೆ ಬರುವುದಿಲ್ಲ ಅಂತ ರಾತ್ರಿ ಹತ್ತು ಗಂಟೆಗೆ ನಂಬುವುದು ಸುಲಭವಲ್ಲ. ಕರೆಂಟ್ ಬೇರೆ ಹೋಗಿರುತ್ತದೆ.

ವಯಸ್ಸಿಗೆ ತಕ್ಕಂತೆ ಹೆದರಿಕೆಯೂ ಬದಲಾಗುತ್ತದೆ. ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು ಅಮೆರಿಕದ ಸಂಶೋಧಕಿ ಜೊಆನ್ ಕ್ಯಾಂಟರ್. ಶಾಲೆಗೆ ಹೋಗುವ ಮುಂಚಿನ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವುದಕ್ಕೆ. ವಿಕಾರ ಮುಖ, ದೊಡ್ಡ ಹಲ್ಲು, ನೋಡನೋಡುತ್ತಲೇ ರೂಪ ಬದಲಾಗುವ ಮನುಷ್ಯ. ಆ ರೂಪ ಬದಲಾಯಿಸಿದವನು ಒಳ್ಳೆಯವನೇ ಆಗಿದ್ದರೂ, ಕಾಪಾಡಲು ಬಂದವನೇ ಆಗಿದ್ದರೂ ಸರಿ, ಹೆದರಿಕೆ ಹೆದರಿಕೆಯೇ. ಎಂಟು ಒಂಬತ್ತರ ಮಕ್ಕಳು ಅದಕ್ಕೆ ನಗುತ್ತಾರೆ. ಅವರನ್ನು ಕಾಡುವುದು 'ಇದು ನಮ್ಮ ಮನೆಯಲ್ಲೂ ಆಗಬಹುದು' ಅನ್ನುವ ಯೋಚನೆ. ಹಾಗಾಗಿ ಅಣ್ಣನಿಗೆ ಆಗುವ ಕಾರ್ಯಕ್ರಮ ತಮ್ಮನಿಗೆ ಆಗದು. ಕೆಲವೊಮ್ಮೆ ಉಲ್ಟಾ. ರಾಕ್ಷಸನ ಕಾರ್ಟೂನಿಗೆ ತಂಗಿ ಅಳುತ್ತಾಳೆ, ನ್ಯೂಸ್ ಚಾನೆಲ್ ನೋಡಿ ಅಕ್ಕ ಊಟ ಬಿಡುತ್ತಾಳೆ.

ನ್ಯೂಸ್ ಅಂದಾಗ ನನ್ನದೇ ತಪ್ಪು ಒಂದು ಹೇಳಬೇಕು. 2018ರ ಆಗಸ್ಟ್. ಗುಡ್ಡಗಳು ಕುಸಿಯುತ್ತಿದ್ದ ದಿನಗಳು. ಮಕ್ಕಂದೂರು, ಜೋಡುಪಾಲ ಕಡೆ ಯಾರಿಗೆ ಏನಾಯಿತು ಅನ್ನುವ ಆತಂಕದಲ್ಲಿ ನಮ್ಮ ಮನೆಯಲ್ಲಿ ಟಿವಿ ಆಫ್ ಆಗುತ್ತಲೇ ಇರಲಿಲ್ಲ. ಮಡಿಕೇರಿಯ ಒಂದು ಮನೆ ಜಾರಿ ಕೆಳಗೆ ಉರುಳುವ ದೃಶ್ಯವನ್ನು ಚಾನೆಲ್‌ಗಳು ತಿರುಗಿ ತಿರುಗಿ ಹಾಕಿದವು. ಎರಡನೇ ದಿನ ರಾತ್ರಿ ಐದು ವರ್ಷದ ನನ್ನ ಮಗಳು ಬಂದು ಹೇಳಿದಳು: "ಅಪ್ಪ, ಇವತ್ತು ಹನ್ನೊಂದು ಮನೆ ಬಿತ್ತು."

ಬೆರಳು ಮಡಿಸಿ ಲೆಕ್ಕ ಇಟ್ಟಿದ್ದಳು. ಒಂದೇ ಮನೆ, ಹನ್ನೊಂದು ಸಲ. ನಾನು ದಿನಕ್ಕೆ ನಲವತ್ತು ಮಕ್ಕಳನ್ನು ನೋಡುವವನು. ನನಗೇ ಹೊಳೆದಿರಲಿಲ್ಲ.

ಅಂದಿನಿಂದ ಯಾರಾದರೂ 'ಯಾವ ಕಾರ್ಟೂನ್ ಒಳ್ಳೆಯದು ಡಾಕ್ಟ್ರೇ' ಅಂತ ಕೇಳಿದರೆ ಮೊದಲು ನಾನು ಕೇಳುವುದು, ಮನೆಯಲ್ಲಿ ದೊಡ್ಡವರು ಏನು ನೋಡುತ್ತೀರಿ ಅಂತ. ಸಂಜೆ ಏಳರಿಂದ ಹತ್ತರವರೆಗಿನ ಧಾರಾವಾಹಿಗಳಲ್ಲಿ ವಿಷ ಬೆರೆಸುವವರು, ಮೆಟ್ಟಿಲಿಂದ ತಳ್ಳುವವರು ಕಡಿಮೆ ಇಲ್ಲ. ಒಂದೇ ಕಪಾಳಮೋಕ್ಷವನ್ನು ಮೂರು ದಿಕ್ಕಿನಿಂದ ತೋರಿಸುತ್ತಾರೆ. ಅದನ್ನು ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮ ಅಂತ ಕರೆಯುತ್ತೇವೆ.

ಹೊಡೆದಾಟ ನೋಡಿದ ಮಕ್ಕಳು ಹೊಡೆಯುತ್ತಾರಾ? ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಎದುರು ದೊಡ್ಡವರಿಂದ ಒಂದು ಗಾಳಿ ತುಂಬಿದ ಗೊಂಬೆಗೆ ಹೊಡೆಸಿದರು. ಆಮೇಲೆ ಮಕ್ಕಳೂ ಅದೇ ಥರ ಹೊಡೆದವು. ಅದೇ ಮಾತು, ಅದೇ ಸುತ್ತಿಗೆ. 1963ರಲ್ಲಿ ಅದನ್ನೇ ಸಿನಿಮಾ ಮಾಡಿ, ಕಾರ್ಟೂನ್ ಬೆಕ್ಕಿನ ವೇಷದಲ್ಲೂ ತೋರಿಸಿದರು. ಆಗಲೂ ಅಷ್ಟೇ. ಆದರೆ ಗೊಂಬೆಗೆ ಹೊಡೆದ ಮಗು ಮುಂದೆ ಮನುಷ್ಯರಿಗೂ ಹೊಡೆಯುತ್ತದೆ ಅಂತ ಅಷ್ಟರಿಂದ ಹೇಳಲಾಗದು. ಪರಿಣಾಮ ಎಷ್ಟು ದೊಡ್ಡದು ಅನ್ನುವ ಬಗ್ಗೆ ವಿದ್ವಾಂಸರು ಇಂದಿಗೂ ಜಗಳ ಆಡುತ್ತಾರೆ. ಕಾರ್ಟೂನ್ ನೋಡಿ ಮಗು ರೌಡಿ ಆಗುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ಕೊನೆಗೆ ಒಳ್ಳೆಯವನೇ ಗೆಲ್ಲುತ್ತಾನಲ್ಲ, ತೊಂದರೆ ಇಲ್ಲ ಅಂದರೆ ಅದನ್ನೂ ಒಪ್ಪುವುದಿಲ್ಲ. ಹದಿನೆಂಟು ನಿಮಿಷ ಹೊಡೆದಾಟ, ಎರಡು ನಿಮಿಷ ನೀತಿ. ಪುಟ್ಟ ಮಕ್ಕಳಿಗೆ ಆ ಎರಡನ್ನೂ ಜೋಡಿಸಲು ಬರುವುದಿಲ್ಲ. ಅಲ್ಲದೆ ಆ ಒಳ್ಳೆಯವನೂ ಗೆದ್ದದ್ದು ಹೊಡೆದೇ ಅಲ್ವಾ?

ನನ್ನ ಅನುಭವದಲ್ಲಿ ಹೊಡೆಯುವ ಮಗುವನ್ನು ಎಲ್ಲರೂ ಕರೆತರುತ್ತಾರೆ. ಪಕ್ಕದ ಮನೆಯವರು ದೂರು ಕೊಟ್ಟಿರುತ್ತಾರೆ, ಟೀಚರ್ ಡೈರಿಯಲ್ಲಿ ಬರೆದಿರುತ್ತಾರೆ. ಹೆದರಿದ ಮಗುವನ್ನು ಮಾತ್ರ ಯಾರೂ ಹೆದರಿದೆ ಅಂತ ಕರೆತರುವುದಿಲ್ಲ. ಹೊಟ್ಟೆನೋವು ಅಂತ ತರುತ್ತಾರೆ. ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ್ದಾಳೆ ಅಂತ, ಒಬ್ಬನೇ ಬಚ್ಚಲಿಗೆ ಹೋಗಲ್ಲ ಅಂತ ತರುತ್ತಾರೆ.

ಹಾಗಾದರೆ ಒಂದು ಕಾರ್ಯಕ್ರಮ ಆಗುತ್ತದೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಗುರುತುಗಳಿವೆ. 2021ರ ನಿಯಮದ ಪ್ರಕಾರ ಒಟಿಟಿಯಲ್ಲಿ ಯು, ಯು/ಎ 7+, 13+, 16+, ಎ ಅಂತ ಹಾಕಬೇಕು. ಸಿನಿಮಾಗಳಿಗೂ 2023ರ ತಿದ್ದುಪಡಿ ಇದೇ ಥರದ ವಿಂಗಡಣೆ ತಂದಿದೆ. ನೋಡಿ, ಉಪಯೋಗಿಸಿ. 13+ ಮತ್ತು ಮೇಲಿನದಕ್ಕೆ ಲಾಕ್ ಹಾಕುವ ವ್ಯವಸ್ಥೆಯೂ ಇರಬೇಕು. (ನಮ್ಮ ಮನೆಯ ಲಾಕಿನ ನಂಬರನ್ನು ಮಗಳು ನನ್ನ ಬೆರಳು ನೋಡಿಯೇ ಕಲಿತಳು. ಅದು ಬೇರೆ ವಿಷಯ.) ಗುರುತು ಹೇಳುವುದು ಕಾರ್ಯಕ್ರಮದ ಬಗ್ಗೆ. ನಿಮ್ಮ ಮಗುವಿನ ಬಗ್ಗೆ ಅಲ್ಲ.

ಅದಕ್ಕೆ ನಾನು ಹೇಳುವುದು: ಒಂದು ಕಂತು ಪೂರ್ತಿ ಪಕ್ಕ ಕೂತು ನೋಡಿ. ಪರದೆಯನ್ನಲ್ಲ, ಮಗುವನ್ನು. ಕಿವಿ ಮುಚ್ಚಿಕೊಳ್ಳುತ್ತದಾ? ಸೋಫಾದ ಹಿಂದೆ ಹೋಗಿ ಅಲ್ಲಿಂದ ಇಣುಕುತ್ತದಾ? ಉಸಿರು ಬಿಗಿ ಹಿಡಿದು ಕಲ್ಲಿನ ಥರ ಕೂರುತ್ತದಾ? ಅಳದೆ ಕೂತಿದೆ ಅಂದರೆ ಖುಷಿಯಾಗಿದೆ ಅಂತಲ್ಲ. ಮುಗಿದ ಮೇಲೆ ಕಥೆ ಹೇಳಿಸಿ. 'ಆನೆಮರಿ ಕಳೆದುಹೋಯ್ತು, ಅಮ್ಮ ಹುಡುಕಿದ್ಳು' ಅಂದರೆ ಮಗುವಿಗೆ ಕಥೆ ಸಿಕ್ಕಿದೆ. 'ಢಿಶುಂ, ಆಮೇಲೆ ಢಿಶುಂ' ಅಷ್ಟೇ ಬಂದರೆ ಮಗುವಿಗೆ ದಕ್ಕಿದ್ದೂ ಅಷ್ಟೇ. ಆ ರಾತ್ರಿಯ ನಿದ್ದೆ ಗಮನಿಸಿ. ಮರುದಿನದ ಆಟ ನೋಡಿ. ಕೋಲು ಹಿಡಿದು ಕಳ್ಳ-ಪೊಲೀಸ್ ಆಡುವುದಕ್ಕೆ ನನ್ನ ತಕರಾರಿಲ್ಲ. ನಕ್ಕು, ಬಿದ್ದು, ಸರದಿ ಬದಲಾಯಿಸಿ ಆಡುವ ಆಟ ಅದು. ನಗುವೇ ಇಲ್ಲದೆ ಒಂದೇ ದೃಶ್ಯವನ್ನು ಮತ್ತೆ ಮತ್ತೆ ಮಾಡುತ್ತಿದ್ದರೆ, ಅದೂ ತನಗಿಂತ ಚಿಕ್ಕವರ ಮೇಲೋ ನಾಯಿಯ ಮೇಲೋ ಮಾಡುತ್ತಿದ್ದರೆ, ಆ ಕಾರ್ಯಕ್ರಮ ಸದ್ಯಕ್ಕೆ ಬೇಡ.

ಮಡಿಕೇರಿ ದಸರಾದಲ್ಲಿ ಮೆರವಣಿಗೆ ಹೊರಡುವ ನಮ್ಮ ದಶಮಂಟಪಗಳಲ್ಲೂ (ಹತ್ತು ದೇವಸ್ಥಾನಗಳ ಮಂಟಪಗಳು) ರಾತ್ರಿಯಿಡೀ ಅಸುರರ ಸಂಹಾರ ನಡೆಯುತ್ತದೆ. ಹೊಗೆ, ಕೆಂಪು ದೀಪ, ಎದೆ ನಡುಗಿಸುವ ಸದ್ದು. ಅದೇನು ಹಿಂಸೆ ಅಲ್ವಾ ಅಂತ ಒಬ್ಬ ತಂದೆ ಕೇಳಿದ್ದರು. ಹೌದು. ಅದನ್ನು ನೋಡಿ ಹೆದರಿದ ಮಕ್ಕಳೂ ನನ್ನ ಹತ್ತಿರ ಬಂದಿದ್ದಾರೆ. ಆದರೆ ಅಲ್ಲಿ ಮಗು ಅಪ್ಪನ ಹೆಗಲ ಮೇಲಿರುತ್ತದೆ. ಮುಖ ಮುಚ್ಚಿಕೊಂಡರೆ ಅಪ್ಪನಿಗೆ ತಕ್ಷಣ ಗೊತ್ತಾಗುತ್ತದೆ, ಹತ್ತು ಹೆಜ್ಜೆ ಹಿಂದೆ ಸರಿಯುತ್ತಾನೆ. ಟಿವಿ ಮುಂದೆ ಮಗು ಹಾಗೆ ಯಾರ ಹೆಗಲ ಮೇಲೂ ಇರುವುದಿಲ್ಲ.

ಪಕ್ಕ ಕೂರಿ ಅಂತ ಹೇಳುವುದು ಸುಲಭ, ಮಾಡುವುದು ಕಷ್ಟ ಅಂತ ನನಗೂ ಗೊತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಕೆಲಸದವರ ಲೈನ್ ಮನೆಯ ತಾಯಿ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಮಗು, ಫೋನು, ಅದನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ. ಅವರಿಗೆ ಗಂಟೆ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ಸರಿಯಾದ ಮಾತೇ. ಆದರೆ ಆ ತಾಯಿಗೆ ನಾನು ಹೇಳುವುದು ಬೇರೆ. ನಾಲ್ಕು ಒಳ್ಳೆ ವಿಡಿಯೋ ಆರಿಸಿ ಫೋನಿನಲ್ಲಿ ಇಳಿಸಿಕೊಡಿ, ನೆಟ್ ಆಫ್ ಮಾಡಿ. ತಾನೇ ಮುಂದಿನದು ಶುರುವಾಗುವುದು ನಿಲ್ಲುತ್ತದೆ. ಮಕ್ಕಳು ಅದನ್ನೇ ನೂರು ಸಲ ನೋಡಲಿ, ಪುಟ್ಟವರಿಗೆ ಅದು ಇಷ್ಟವೇ.

ಅಮೆರಿಕದ ಸಿಯಾಟಲ್‌ನಲ್ಲಿ 565 ಮನೆಗಳ ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ ನನಗೆ ಇಷ್ಟವಾದದ್ದು ಇದೇ ಕಾರಣಕ್ಕೆ. ಅಲ್ಲಿ ಟಿವಿ ಕಡಿಮೆ ಮಾಡಿ ಅಂತ ಹೇಳಲೇ ಇಲ್ಲ. ಹೊಡೆದಾಟದ ಜಾಗದಲ್ಲಿ ವಯಸ್ಸಿಗೆ ಹೊಂದುವ, ಸ್ನೇಹ ಸಹಾಯದ ಕಾರ್ಯಕ್ರಮ ಹಾಕಿ ಅಂದರು, ಅಷ್ಟೇ. 2012ರಲ್ಲಿ ಬಂದ ಫಲಿತಾಂಶದಲ್ಲಿ ಆ ಮಕ್ಕಳ ನಿದ್ದೆಯ ತೊಂದರೆಗಳು ಕಡಿಮೆಯಾಗಿದ್ದವು.

ನಾಪೋಕ್ಲಿನ ಹುಡುಗನಿಗೆ ನಾನು ಔಷಧಿ ಕೊಡಲಿಲ್ಲ. ಆ ವಯಸ್ಸಿನಲ್ಲಿ ಹೆದರಿಕೆಗೆ ವಿವರಣೆಗಿಂತ ಕೈಗೊಂದು ಕೆಲಸ ಚೆನ್ನಾಗಿ ಹಿಡಿಯುತ್ತದೆ. ಅಜ್ಜನ ಕಾರ್ಯಕ್ರಮ ಮೊಮ್ಮಗ ಮಲಗಿದ ಮೇಲೆ. ರಾತ್ರಿ ಚಿಲಕ ಹಾಕುವ ಜವಾಬ್ದಾರಿ ಇನ್ನು ಮೊಮ್ಮಗನದು. ಎರಡೇ ಮಾತು. ಅಜ್ಜ 'ನೋಡುವ' ಅಂದು ಹೋದರು.

ಮೂರು ವಾರ ಬಿಟ್ಟು ಬಂದರು, ಈ ಸಲ ನಿಜವಾದ ಕೆಮ್ಮಿಗೆ. ಹೊಟ್ಟೆನೋವು ನಿಂತಿದೆಯಂತೆ. ಸಂಜೆ ಆರಕ್ಕೇ ಮನೆಯ ಅಷ್ಟೂ ಕಿಟಕಿ ಮುಚ್ಚಿಸಿಬಿಡುತ್ತಾನೆ, ಸೆಕೆ ಅಂದರೂ ಕೇಳಲ್ಲ ಅಂತ ಅಜ್ಜನ ದೂರು. ನಾನು ಚೀಟಿ ಬರೆಯುತ್ತಿದ್ದಾಗ ಹುಡುಗ ಸ್ಟೂಲ್ ಹತ್ತಿ ನನ್ನ ಕಿಟಕಿಯ ಚಿಲಕ ಎಳೆದು ನೋಡಿದ.

"ಡಾಕ್ಟರ್ ಮಾಮ, ಇದು ಬೀಳ್ತಾ ಇಲ್ಲ."

ಎದ್ದು ಹೋಗಿ ನೋಡಿದೆ. ಮಳೆಗೆ ಮರ ಉಬ್ಬಿ ಚಿಲಕ ಕೂರುತ್ತಲೇ ಇರಲಿಲ್ಲ. ಮರುದಿನ ಬಡಗಿಯನ್ನು ಕರೆಸಿದೆ.