36 ಪರಿಪೂರ್ಣ ಸಂಖ್ಯೆ ಅಲ್ಲ

"36 ಒಂದು ಪರಿಪೂರ್ಣ ಸಂಖ್ಯೆ" ಅನ್ನೋ ಸಾಲು ಪರೀಕ್ಷೆಯ ನೋಟ್ಸ್‌ನಲ್ಲಿ, ವಾಟ್ಸ್‌ಆ್ಯಪ್ ಕ್ವಿಜ್‌ನಲ್ಲಿ ಮತ್ತೆ ಮತ್ತೆ ಕಾಣುತ್ತದೆ. ತಪ್ಪು. 36 ಪೂರ್ಣ ವರ್ಗ, ಅಷ್ಟೇ. ಪೂರ್ಣ ಸಂಖ್ಯೆ, ಪೂರ್ಣಾಂಕ, ಪೂರ್ಣ ವರ್ಗ, ಪರಿಪೂರ್ಣ ಸಂಖ್ಯೆ, ಇವೆಲ್ಲದರಲ್ಲೂ 'ಪೂರ್ಣ' ಇದೆ ಅಂತ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ನಡೆಯಲ್ಲ.

ಗೊಂದಲದ ಬೇರು 'ಪರಿಪೂರ್ಣ'ದಲ್ಲೇ ಇದೆ. ನಮಗದು ಹೊಗಳುವ ಮಾತು. ಗಣಿತದಲ್ಲಿ ಅದು ಬರೀ ಲೆಕ್ಕ: ಒಂದು ಸಂಖ್ಯೆಯ ಅಪವರ್ತನಗಳನ್ನು (ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು), ಆ ಸಂಖ್ಯೆಯನ್ನು ಬಿಟ್ಟು, ಕೂಡಿಸಿದರೆ ಅದೇ ಸಂಖ್ಯೆ ಬರಬೇಕು. 1+2+3 ಅಂದರೆ 6. 1+2+4+7+14 ಅಂದರೆ 28. ಗ್ರೀಕರು ಇದನ್ನು 'ತೆಲೆಯೋಸ್' ಅಂದರು, ತುಂಬಿದ್ದು ಅಂತ. ಸುಮಾರು 1900 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ನಿಕೊಮಾಕಸ್ ಸಂಖ್ಯೆಗಳನ್ನು ಕೊರತೆಯವು, ಮಿಗತೆಯವು, ಪರಿಪೂರ್ಣವಾದವು ಅಂತ ಮೂರು ಗುಂಪು ಮಾಡಿದ. 10ರ ಅಪವರ್ತನಗಳು ಕೂಡಿದರೆ 8, ಕೊರತೆ. 36ಕ್ಕೆ 55, ಮಿಗತೆ. ನೂರಕ್ಕೆ ನೂರು ಬಂದರೆ ಪರಿಪೂರ್ಣ ಅಂತೀವಲ್ವಾ, ಆ 100ಕ್ಕೂ ಬರೋದು 117.

36 ಮಾತ್ರ ಅಲ್ಲ, ಯಾವ ವರ್ಗ ಸಂಖ್ಯೆಯೂ ಪರಿಪೂರ್ಣ ಆಗೋಕೆ ಸಾಧ್ಯವೇ ಇಲ್ಲ. ವರ್ಗ ಸಂಖ್ಯೆಯ ಎಲ್ಲ ಅಪವರ್ತನಗಳನ್ನು, ಈ ಸಲ ಅದನ್ನೂ ಸೇರಿಸಿ, ಕೂಡಿಸಿದರೆ ಯಾವಾಗಲೂ ಬೆಸ ಸಂಖ್ಯೆ ಬರುತ್ತದೆ. 36ಕ್ಕೆ 91. ಪರಿಪೂರ್ಣ ಆಗಬೇಕಾದರೆ ಆ ಮೊತ್ತ ಸಂಖ್ಯೆಯ ಎರಡು ಪಟ್ಟು, ಅಂದರೆ ಸಮ ಸಂಖ್ಯೆ, ಬರಬೇಕು. ಹಾಗಾಗಿ 'ಪೂರ್ಣ ವರ್ಗ', 'ಪರಿಪೂರ್ಣ ಸಂಖ್ಯೆ' ಈ ಎರಡು ಪದ ಒಂದೇ ಸಂಖ್ಯೆಯ ಮೇಲೆ ಎಂದೂ ಕೂರಲಾರವು.

ನಿಕೊಮಾಕಸ್‌ಗೆ ಗೊತ್ತಿದ್ದದ್ದು 6, 28, 496, 8128, ನಾಲ್ಕೇ. ಕೊನೆಯ ಅಂಕಿ 6, 8, 6, 8 ಅಂತ ಸರದಿಯಲ್ಲೇ ಬರುತ್ತದೆ ಅಂತ ಅವನು ನಂಬಿದ್ದ. ಐದನೆಯದು 3,35,50,336. ನನಗೆ ತುಂಬಾ ಇಷ್ಟದ ಸಂಖ್ಯೆ ಇದು. ಐದಂಕಿ, ಆರಂಕಿ, ಏಳಂಕಿಯಲ್ಲಿ ಒಂದೂ ಇಲ್ಲ, ನೇರ ಎಂಟಂಕಿಗೆ ಜಿಗಿತ. ಆರನೆಯದು 858,98,69,056, ಅದೂ 6ರಲ್ಲೇ ಮುಗಿದು ಸರದಿ ಮುರಿಯುತ್ತದೆ.

3,35,50,336 ಅಂದರೆ 4096 ಗುಣಿಸು 8191. 4096 ಅಂದರೆ 2ರ 12ನೇ ಘಾತ. 8191 ಅವಿಭಾಜ್ಯ, 2ರ 13ನೇ ಘಾತಕ್ಕೆ ಒಂದು ಕಡಿಮೆ. 2ರ ಒಂದು ಘಾತದಲ್ಲಿ ಒಂದು ಕಳೆದಾಗ ಅವಿಭಾಜ್ಯ ಬಂದರೆ, ಅದನ್ನು 2ರ ಹಿಂದಿನ ಘಾತದಿಂದ ಗುಣಿಸುವ ಈ ದಾರಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತೋರಿಸಿದ್ದು. ಸಮ ಸಂಖ್ಯೆಗಳಲ್ಲಿ ಪರಿಪೂರ್ಣವಾದವೆಲ್ಲ ಇದೇ ದಾರಿಯಲ್ಲೇ ಬರುತ್ತವೆ ಅಂತ ಸಾಧಿಸಿದ್ದು 18ನೇ ಶತಮಾನದ ಗಣಿತಜ್ಞ ಆಯ್ಲರ್. 3,35,50,336 ಅನ್ನು ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ, ಬರೆದರೆ ಮೊದಲು '1' ಹದಿಮೂರು ಸಲ, ಆಮೇಲೆ ಸೊನ್ನೆ ಹನ್ನೆರಡು ಸಲ. 1ರಿಂದ 8191ರವರೆಗೆ ಕೂಡಿಸಿದರೂ ಇದೇ, 1ರಿಂದ 127ರವರೆಗಿನ ಬೆಸ ಸಂಖ್ಯೆಗಳ ಘನ ಕೂಡಿಸಿದರೂ ಇದೇ. ಅಂಕಿಗಳನ್ನು ಕೂಡಿಸಿ ನೋಡಿ: 28, ಅದೂ ಪರಿಪೂರ್ಣ.

2ರ ಘಾತದ ಅಂಕಿ (ಇಲ್ಲಿ 13) ಅವಿಭಾಜ್ಯ ಆದರೆ ಸಾಕು ಅಂತಲೂ ಕೆಲವರು ಬರೀತಾರೆ. ಸಾಲದು. 11 ಅವಿಭಾಜ್ಯವೇ, ಆದರೆ 2ರ 11ನೇ ಘಾತದಲ್ಲಿ ಒಂದು ಕಳೆದರೆ 2047, ಅದು 23 ಗುಣಿಸು 89. ಅಲ್ಲೇ ದಾರಿ ಕಟ್. 2024ರಲ್ಲಿ ಸಿಕ್ಕ ಇಂಥ ಅವಿಭಾಜ್ಯದ ಘಾತ 13,62,79,841, ಅದರಿಂದ ಗೊತ್ತಿರುವ ಪರಿಪೂರ್ಣ ಸಂಖ್ಯೆಗಳು 52 ಆದವು. ಎಲ್ಲವೂ ಸಮ. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಯಾರೂ ಸಾಧಿಸಿಲ್ಲ. ಇದ್ದರೂ ಅದು 10ರ 1500ನೇ ಘಾತಕ್ಕಿಂತ ದೊಡ್ಡದು.