ಪರನಾಡಿನಲ್ಲಿ ಒಬ್ಬಂಟಿ: ಚಲನಚಿತ್ರಗಳಲ್ಲಿ ವಿದೇಶಿಯರ ಒಂಟಿತನ ಮತ್ತು ಸಾಂಸ್ಕೃತಿಕ ಆಘಾತ

ಪರದೇಶಕ್ಕೆ ಬಂದವರ ಒಂಟಿತನವನ್ನು ಕುರಿತ ಚಿತ್ರಗಳನ್ನು ಅಭ್ಯಾಸ ಮಾಡುವಾಗ ನಾವು ಎರಡು ಬೇರೆ ಬೇರೆ ಅನುಭವಗಳನ್ನು ಒಂದೇ ಎಂದು ಭಾವಿಸಿಬಿಡುವುದುಂಟು. ಗೊತ್ತಿಲ್ಲದ ರೀತಿನೀತಿಗಳ ನಡುವೆ ಸಿಲುಕಿದವರ ಗಲಿಬಿಲಿ ಒಂದು. ಅದು ಸಾಂಸ್ಕೃತಿಕ ಆಘಾತ. ತನ್ನನ್ನು ಬಲ್ಲವರು ಇಲ್ಲಿ ಯಾರೂ ಇಲ್ಲ ಎಂಬ ಕೊರಗು ಇನ್ನೊಂದು, ಅದು ಒಂಟಿತನ. ಮೊದಲನೆಯದನ್ನು ಬಂದವರೇ ಕಲಿತು, ಪಳಗಿ, ಬಹುಮಟ್ಟಿಗೆ ದಾಟಬಲ್ಲರು. ಎರಡನೆಯದು ನೀಗಬೇಕಾದರೆ ಎದುರಿಗಿರುವವರೂ ಬದಲಾಗಬೇಕು. ಈ ವಿಷಯದ ಉತ್ತಮ ಚಿತ್ರಗಳೆಲ್ಲ ಈ ವ್ಯತ್ಯಾಸವನ್ನು ಬಲ್ಲವು ಎಂಬುದು ಈ ಟಿಪ್ಪಣಿಯ ನಿಲುವು. ಅದನ್ನು ಅವು ಕಥೆಗಿಂತ ಹೆಚ್ಚಾಗಿ ಶಬ್ದ, ಸಬ್‌ಟೈಟಲ್ ಮತ್ತು ಫ್ರೇಮುಗಳ ಮೂಲಕ ಹೇಳುತ್ತವೆ.

ಸಾಂಸ್ಕೃತಿಕ ಆಘಾತದ ಪರಿಕಲ್ಪನೆಯನ್ನು ಜನಪ್ರಿಯಗೊಳಿಸಿದವರು ಕೆನಡಾದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. ಅವರು 1954ರಲ್ಲಿ ರಿಯೊ ಡಿ ಜನೈರೊದಲ್ಲಿ ನೀಡಿದ ಉಪನ್ಯಾಸ 1960ರಲ್ಲಿ ಲೇಖನವಾಗಿ ಪ್ರಕಟವಾಯಿತು. ಯಾವಾಗ ಕೈಕುಲುಕಬೇಕು, ಟಿಪ್ಸ್ ಹೇಗೆ ಕೊಡಬೇಕು, ಯಾರ ಯಾವ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬಂಥ ನೂರಾರು ಸಣ್ಣ ಸುಳಿವುಗಳನ್ನು ನಾವು ಹುಟ್ಟೂರಿನಲ್ಲಿ ಯೋಚಿಸದೆಯೇ ಅನುಸರಿಸುತ್ತಿರುತ್ತೇವೆ. ಅವೆಲ್ಲ ಒಮ್ಮೆಗೇ ಕೈತಪ್ಪಿದಾಗ ಉಂಟಾಗುವ ಆತಂಕವೇ ಈ ಆಘಾತ ಎಂದು ಅವರು ವಿವರಿಸಿದರು. ಪದೇ ಪದೇ ಕೈತೊಳೆಯುವುದು, ಕುಡಿಯುವ ನೀರಿನ ಬಗ್ಗೆ ಅತಿಯಾದ ಚಿಂತೆ, ಮನೆಗೆ ಮರಳುವ ತೀವ್ರ ಹಂಬಲ, ಎಲ್ಲೋ ದೂರದಲ್ಲಿ ನೆಟ್ಟ ಶೂನ್ಯ ನೋಟ, ಇವನ್ನೆಲ್ಲ ಅವರು ಲಕ್ಷಣಗಳ ಪಟ್ಟಿಗೆ ಸೇರಿಸಿದ್ದಾರೆ. ಸಿನಿಮಾ ತನ್ನದಾಗಿಸಿಕೊಂಡದ್ದು ಆ ಕೊನೆಯ ಲಕ್ಷಣವನ್ನು. ಎತ್ತರದ ಕಟ್ಟಡದ ಕಿಟಕಿಯ ಬಳಿ ಕುಳಿತು ನಗರವನ್ನು ಸುಮ್ಮನೆ ನೋಡುವ ಪಾತ್ರ ಎಷ್ಟೋ ಚಿತ್ರಗಳಲ್ಲಿ ಬರುತ್ತದೆ.

ಪಠ್ಯಗಳಲ್ಲಿ ಪದೇ ಪದೇ ಎದುರಾಗುವ ಇನ್ನೊಂದು ವಿಚಾರ ‘ಯು’ ಆಕಾರದ ರೇಖೆ. ಅಮೆರಿಕದಲ್ಲಿ ಕಾಲ ಕಳೆದು ಬಂದ ನಾರ್ವೆಯ ಫುಲ್‌ಬ್ರೈಟ್ (ಅಮೆರಿಕದ ಶೈಕ್ಷಣಿಕ ವಿನಿಮಯ ವೇತನ) ವಿದ್ವಾಂಸರನ್ನು ಅಧ್ಯಯನ ಮಾಡಿದ ಸ್ವೆರೆ ಲೂಸ್‌ಗೋರ್ಡ್, ಮೊದಮೊದಲು ಹೊಂದಾಣಿಕೆ ಸುಲಭವೆನಿಸಿ, 6ರಿಂದ 18 ತಿಂಗಳ ಅವಧಿಯಲ್ಲಿ ಕುಸಿದು, ಆಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದು 1955ರಲ್ಲಿ ಬರೆದರು. ನಂತರದ ಅಧ್ಯಯನಗಳು ಈ ರೇಖೆಯನ್ನು ಪೂರ್ತಿಯಾಗಿ ಎತ್ತಿಹಿಡಿದಿಲ್ಲ. ಆದ್ದರಿಂದ ಯಾವುದೇ ಪಾತ್ರವನ್ನು ಅದರ ಮೇಲೆ ಕೂರಿಸಿ ವಿಶ್ಲೇಷಣೆ ಮುಗಿಯಿತೆಂದು ಭಾವಿಸಬಾರದು. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮ್ಮೆಲ್ 1908ರಲ್ಲಿ ಹೇಳಿದ ಮಾತು. ಇಂದು ಬಂದು ನಾಳೆ ಹೊರಟುಹೋಗುವ ಅಲೆಮಾರಿ ಅವರ ದೃಷ್ಟಿಯಲ್ಲಿ ಅಪರಿಚಿತನಲ್ಲ. ಇಂದು ಬಂದು ನಾಳೆಯೂ ಉಳಿದುಕೊಳ್ಳುವವನೇ ನಿಜವಾದ ಅಪರಿಚಿತ. ಯಾವುದೇ ಚಿತ್ರವನ್ನು ನೋಡುವ ಮುನ್ನ, ಇದರಲ್ಲಿರುವವರು ಹೊರಟುಹೋಗುವವರೋ ಉಳಿಯುವವರೋ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸೋಫಿಯಾ ಕೊಪೊಲಾ ನಿರ್ದೇಶಿಸಿದ 2003ರ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಹೊರಟುಹೋಗುವವರ ಚಿತ್ರ. ವಿಸ್ಕಿಯ ಜಾಹೀರಾತಿನಲ್ಲಿ ನಟಿಸಲು ಟೋಕಿಯೊಗೆ ಬಂದ ನಡುವಯಸ್ಸಿನ ನಟ ಬಾಬ್ ಹ್ಯಾರಿಸ್ ಮತ್ತು ಛಾಯಾಗ್ರಾಹಕ ಗಂಡನ ಜೊತೆ ಬಂದ ತರುಣಿ ಷಾರ್ಲೆಟ್, ಇಬ್ಬರೂ ಒಂದೇ ಐಷಾರಾಮಿ ಹೋಟೆಲಿನಲ್ಲಿ ನಿದ್ದೆ ಬಾರದೆ ಕಾಲ ಕಳೆಯುತ್ತಿರುತ್ತಾರೆ. ಜಾಹೀರಾತಿನ ಚಿತ್ರೀಕರಣದಲ್ಲಿ ಜಪಾನಿ ನಿರ್ದೇಶಕ ಆವೇಶದಿಂದ ದೀರ್ಘವಾಗಿ ಮಾತನಾಡುತ್ತಾನೆ; ದುಭಾಷಿ ಅದನ್ನು ತಿರುಗಿ ಕ್ಯಾಮೆರಾ ನೋಡಬೇಕಂತೆ ಎಂಬಷ್ಟಕ್ಕೆ ಇಳಿಸುತ್ತಾಳೆ; ಅವನು ಹೇಳಿದ್ದು ಅಷ್ಟೇನಾ ಎಂದು ಬಾಬ್ ಕೇಳುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಜಪಾನಿ ಮಾತುಗಳಿಗೆ ಸಬ್‌ಟೈಟಲ್ ಇಲ್ಲದಿರುವುದನ್ನು. ಆ ಒಂದು ತೀರ್ಮಾನದಿಂದ ಜಪಾನಿ ಬಾರದ ಪ್ರೇಕ್ಷಕರೆಲ್ಲರೂ ಬಾಬ್‌ನ ಕಿವಿಯಿಂದಲೇ ಕೇಳಬೇಕಾಗುತ್ತದೆ. ಜಪಾನಿ ಬಲ್ಲ ಪ್ರೇಕ್ಷಕರಿಗೆ ಅದೇ ದೃಶ್ಯ ಬೇರೆಯೇ ಆಗಿ ಕಾಣುತ್ತದೆ ಎಂಬುದನ್ನೂ ಮರೆಯಬಾರದು.

ಆದರೆ ಈ ಚಿತ್ರದ ಒಂಟಿತನ ಟೋಕಿಯೊದಲ್ಲಿ ಹುಟ್ಟಿದ್ದಲ್ಲ. ಷಾರ್ಲೆಟ್ ದೇವಾಲಯಕ್ಕೆ ಹೋಗಿ ಭಿಕ್ಷುಗಳ ಪಠಣ ಕೇಳಿ ಬಂದು, ತನಗೆ ಏನೂ ಅನ್ನಿಸಲಿಲ್ಲ ಎಂದು ಊರಿನಲ್ಲಿರುವ ಗೆಳತಿಗೆ ಫೋನಿನಲ್ಲಿ ಹೇಳುತ್ತಾಳೆ. ಆ ಕಡೆಯಿಂದ ಒಂದು ನಿಮಿಷ ಇರು ಎಂಬ ಉತ್ತರ ಬರುತ್ತದೆ. ಗೆಳತಿ ಮರಳಿ ಬರುವಷ್ಟರಲ್ಲಿ ಇವಳು ಕಣ್ಣೊರೆಸಿಕೊಂಡು ಮಾತು ಮುಗಿಸಿಬಿಡುತ್ತಾಳೆ. ಬಾಬ್‌ನ ಹೆಂಡತಿ ಆಯ್ಕೆಗೆಂದು ಕಾರ್ಪೆಟ್ಟಿನ ಮಾದರಿಗಳನ್ನು ಕಳಿಸುತ್ತಾಳೆ. ಇಬ್ಬರ ಮಾತನ್ನೂ ಕೇಳಿಸಿಕೊಳ್ಳದವರು ಅವರ ಭಾಷೆಯನ್ನೇ ಆಡುವ ಅವರ ಮನೆಯವರು, ಆಪ್ತರು. ಒಂಟಿತನದಲ್ಲಿ ಎರಡು ಬಗೆಯಿದೆ, ಆಪ್ತ ಬಾಂಧವ್ಯ ಇಲ್ಲದಿರುವುದು ಒಂದು, ಒಡನಾಟದ ಬಳಗ ಇಲ್ಲದಿರುವುದು ಇನ್ನೊಂದು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ವಿಂಗಡಿಸಿದರು. ಬಾಬ್ ಮತ್ತು ಷಾರ್ಲೆಟ್ ಅನುಭವಿಸುವುದು ಮೊದಲನೆಯದನ್ನು. ಅದನ್ನು ಅವರು ಊರಿನಿಂದಲೇ ತಂದಿದ್ದಾರೆ. ಟೋಕಿಯೊ ಅದನ್ನು ಮುಚ್ಚಿಡಲು ಇದ್ದ ದಿನಚರಿಯನ್ನು ಕಿತ್ತುಕೊಂಡಿತು, ಅಷ್ಟೇ. ಚಿತ್ರದ ಮಿತಿಯೂ ಇಲ್ಲೇ ಇದೆ. ಬಾಬ್‌ನ ಎತ್ತರಕ್ಕೆ ಸಾಲದ ಷವರ್, ಜಪಾನಿಯರ ಇಂಗ್ಲಿಷ್ ಉಚ್ಚಾರಣೆ, ಇವನ್ನೆಲ್ಲ ನಗುವಿಗೆ ಬಳಸಿದ್ದರಿಂದ ಆ ನಗರದ ಜನ ಬಹುತೇಕ ಹಿನ್ನೆಲೆಯಾಗಿಯೇ ಉಳಿದುಬಿಟ್ಟರು ಎಂಬ ಟೀಕೆ ನನಗೆ ನ್ಯಾಯವಾದದ್ದೆಂದೇ ತೋರುತ್ತದೆ.

ರೈನರ್ ವೆರ್ನರ್ ಫಾಸ್‌ಬಿಂಡರ್ ಅವರ 1974ರ ‘ಅಲಿ: ಫಿಯರ್ ಈಟ್ಸ್ ದ ಸೋಲ್’ ಉಳಿದುಕೊಂಡವರ ಚಿತ್ರ. ನನ್ನ ಅಭಿಪ್ರಾಯದಲ್ಲಿ ಈ ವಿಷಯದಲ್ಲಿ ಮೊದಲು ಓದಬೇಕಾದ ಕೃತಿ ಇದೇ. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿ, 1961ರಲ್ಲಿ ಟರ್ಕಿ, 1963ರಲ್ಲಿ ಮೊರಾಕೊ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. 1973ರ ನವೆಂಬರಿನಲ್ಲಿ ಆ ನೇಮಕಾತಿಯನ್ನು ನಿಲ್ಲಿಸಿತು. ಅವರಿಗೆ ಇಟ್ಟ ಹೆಸರು ‘ಅತಿಥಿ ಕಾರ್ಮಿಕರು’. ಮ್ಯೂನಿಕ್‌ನಲ್ಲಿ ದುಡಿಯುವ ಮೊರಾಕೊದ ಕಾರ್ಮಿಕನನ್ನು ಎಲ್ಲರೂ ಅಲಿ ಎಂದೇ ಕರೆಯುತ್ತಾರೆ. ಅದು ಅವನ ಉದ್ದನೆಯ ನಿಜವಾದ ಹೆಸರಲ್ಲ. ಅವನಿಗಿಂತ ಎಷ್ಟೋ ದೊಡ್ಡವಳಾದ, ಕಚೇರಿ ಗುಡಿಸಿ ಒರೆಸುವ ಕೆಲಸದ ವಿಧವೆ ಎಮ್ಮಿಯನ್ನು ಅವನು ಮದುವೆಯಾಗುತ್ತಾನೆ. ಅಲಿ ಆ ಊರಿನ ನಡೆನುಡಿಗಳನ್ನು ಅರಿಯದವನಲ್ಲ. ಭಾಷೆ ತೊದಲಿದರೂ ವ್ಯವಹಾರ ನಡೆಸಬಲ್ಲ, ಸಭ್ಯವಾಗಿ ವರ್ತಿಸಬಲ್ಲ. ಓಬರ್ಗ್ ಅವರ ಅರ್ಥದ ಆಘಾತವನ್ನು ಅವನು ಎಂದೋ ದಾಟಿದ್ದಾನೆ. ಆದರೂ ಅವನ ಒಂಟಿತನ ತಗ್ಗಿಲ್ಲ.

ಬೀದಿಯಂಚಿನ ದಿನಸಿ ಅಂಗಡಿಯ ದೃಶ್ಯ ಇದನ್ನು ಸ್ಪಷ್ಟಪಡಿಸುತ್ತದೆ. ಅಲಿ ಕೇಳಿದ ಸಾಮಾನು ಯಾವುದೆಂದು ಅಂಗಡಿಯವನಿಗೆ ಗೊತ್ತಾಗುತ್ತದೆ, ಆದರೂ ಅವನು ಗೊತ್ತಾಗದವನಂತೆ ನಟಿಸಿ ಬರಿಗೈಯಲ್ಲಿ ಕಳಿಸುತ್ತಾನೆ. ಟೋಕಿಯೊದ ಬಾಬ್‌ಗೆ ಎದುರಿನವರ ಮಾತು ಅರ್ಥವಾಗುವುದಿಲ್ಲ. ಮ್ಯೂನಿಕ್‌ನಲ್ಲಿ ಎದುರಿನವರು ಅರ್ಥ ಮಾಡಿಕೊಳ್ಳಲು ಒಪ್ಪುವುದಿಲ್ಲ. ಆಘಾತಕ್ಕೂ ಒಂಟಿತನಕ್ಕೂ ಇರುವ ಅಂತರವನ್ನು ಪರೀಕ್ಷೆಯಲ್ಲಿ ಬರೆಯಬೇಕಾಗಿ ಬಂದರೆ ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಫಾಸ್‌ಬಿಂಡರ್ ಈ ತಿರಸ್ಕಾರವನ್ನು ಮಾತಿಗಿಂತ ನೋಟದಲ್ಲಿ ತೋರಿಸುತ್ತಾರೆ. ಬಾರಿನಲ್ಲಿ, ಹೊರಾಂಗಣದ ಕೆಫೆಯಲ್ಲಿ, ಮನೆಯಲ್ಲಿ ಜನ ಕದಲದೆ ನಿಂತು ಈ ದಂಪತಿಯನ್ನು ದಿಟ್ಟಿಸುತ್ತಾರೆ. ಶಾಟ್ ಮುಗಿಯಬೇಕಾದ ಕ್ಷಣ ಕಳೆದರೂ ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ಬಾಗಿಲ ಚೌಕಟ್ಟುಗಳು, ಕಂಬಿಗಳು ಪಾತ್ರಗಳನ್ನು ಬೇಲಿಯೊಳಗೆ ಕೂಡಿಹಾಕುತ್ತವೆ. ಕೆಲಸದ ಜಾಗದ ಮೆಟ್ಟಿಲುಗಳ ದೃಶ್ಯವನ್ನು ಎರಡು ಸಲ ನೋಡಿ. ಮೊದಲು ಸಹೋದ್ಯೋಗಿಗಳು ಎಮ್ಮಿಯನ್ನು ದೂರವಿಟ್ಟು ಊಟ ಮಾಡುವಾಗ ಅವಳು ಮೆಟ್ಟಿಲ ಕಂಬಿಗಳ ಹಿಂದೆ ಒಬ್ಬಳೇ ಕುಳಿತಿರುತ್ತಾಳೆ. ಮುಂದೆ ಹೆರ್ಜೆಗೊವಿನಾದಿಂದ ಬಂದ ಹೊಸ ಕೆಲಸದಾಕೆಯನ್ನು ಅದೇ ಗುಂಪು ಹೊರಗಿಡುತ್ತದೆ. ಕಂಬಿಗಳ ಹಿಂದೆ ಈಗ ಅವಳಿದ್ದಾಳೆ, ಎಮ್ಮಿ ಗುಂಪಿನೊಳಗಿದ್ದಾಳೆ. ತಾನು ಅನುಭವಿಸಿದ ನೋವು ಎಮ್ಮಿಗೆ ಪಾಠವಾಗಲಿಲ್ಲ. ನೆರೆಹೊರೆಯವರಿಗೆ ಇವರಿಂದ ಕೆಲಸವಾಗಬೇಕಾದಾಗ ಅವರ ಮುಖದಲ್ಲಿ ನಗು ಬರುತ್ತದೆ. ಆಗ ಎಮ್ಮಿಯೇ ಗೆಳತಿಯರ ಮುಂದೆ ಅಲಿಯ ತೋಳಿನ ಕಸುವನ್ನು ಪ್ರದರ್ಶಿಸುತ್ತಾಳೆ, ಅವನು ಬಯಸಿದ, ಅವನ ನಾಡಿನ ತಿನಿಸಾದ ಕುಸ್‌ಕುಸ್ ಮಾಡಿಕೊಡಲು ಒಲ್ಲೆನೆನ್ನುತ್ತಾಳೆ. ಅವನು ಅದನ್ನು ಅರಸಿ ಬೇರೊಬ್ಬಳ ಮನೆಗೆ ಹೋಗುತ್ತಾನೆ. ಒಪ್ಪಿಕೊಂಡ ಮನೆಯೊಳಗೂ ವಿದೇಶಿ ಒಬ್ಬಂಟಿಯಾಗಬಹುದು ಎಂಬ ಈ ಅರಿವು ಚಿತ್ರವನ್ನು ಕೇವಲ ಜನಾಂಗದ್ವೇಷದ ಖಂಡನೆಗಿಂತ ಮೇಲಕ್ಕೆತ್ತುತ್ತದೆ. ಕೊನೆಗೆ ಅಲಿ ಹೊಟ್ಟೆಯ ಹುಣ್ಣು ಒಡೆದು ಕುಸಿದು ಬೀಳುತ್ತಾನೆ. ವಿದೇಶಿ ಕಾರ್ಮಿಕರಲ್ಲಿ ಇದು ಸಾಮಾನ್ಯ, ಆರು ತಿಂಗಳಲ್ಲಿ ಮತ್ತೆ ಬರುತ್ತಾನೆ ಎಂದು ವೈದ್ಯ ಹೇಳುತ್ತಾನೆ. ಬಾಯಲ್ಲಿ ಹೇಳಲಾಗದ್ದು ದೇಹದಲ್ಲಿ ಕಾಣಿಸಿಕೊಂಡಿದೆ.

ಉಸ್ಮಾನ್ ಸೆಂಬೆನ್ ಅವರ 1966ರ ‘ಬ್ಲ್ಯಾಕ್ ಗರ್ಲ್’ ಚಿತ್ರದಲ್ಲಿ ಹೊರಗಿನ ಊರೇ ಇಲ್ಲ. ಸೆನೆಗಲ್‌ನ ಡಕಾರ್‌ನ ತರುಣಿ ಡಿಯುವಾನಾ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೆಂದು ನಂಬಿ ಫ್ರಾನ್ಸಿನ ಆಂಟೀಬ್‌ಗೆ ಬರುತ್ತಾಳೆ. ಅಲ್ಲಿ ಅಡುಗೆ, ಪಾತ್ರೆ, ನೆಲ ಒರೆಸುವುದೇ ಅವಳ ದಿನಚರಿಯಾಗುತ್ತದೆ. ಫ್ರಾನ್ಸ್ ಅವಳಿಗೆ ಅಡುಗೆಮನೆ, ಬಚ್ಚಲು, ಕೋಣೆ, ನಡುಮನೆ, ಇಷ್ಟೇ. ಹೊಸ ನಾಡಿನ ಆಕರ್ಷಣೆ ಸವೆಯಲು ಮೊದಲು ಆ ನಾಡನ್ನು ಕಾಣಬೇಕಲ್ಲವೇ. ಡಿಯುವಾನಾಗೆ ಅದೂ ದಕ್ಕಲಿಲ್ಲ, ಹೀಗಾಗಿ ‘ಯು’ ರೇಖೆ ಇಲ್ಲಿ ಪೂರ್ತಿ ನಿರುಪಯೋಗಿ. ಯಜಮಾನರ ಮುಂದೆ ಅವಳು ಹೆಚ್ಚುಕಡಿಮೆ ಮೌನಿ, ಆದರೆ ಅವಳ ಸ್ವಗತ ಚಿತ್ರದುದ್ದಕ್ಕೂ ನಮಗೆ ಕೇಳಿಸುತ್ತದೆ. ಆ ಸ್ವಗತ ಫ್ರೆಂಚಿನಲ್ಲಿದೆ, ಅದನ್ನು ನುಡಿದ ಕಂಠ ಪಾತ್ರವಹಿಸಿದ ನಟಿಯದಲ್ಲ. ತಾಯಿಯ ಹೆಸರಿನಲ್ಲಿ ಯಾರೋ ಬರೆದ ಪತ್ರಕ್ಕೆ ಅವಳ ಪರವಾಗಿ ಯಜಮಾನನೇ ಉತ್ತರ ಬರೆಯತೊಡಗಿದಾಗ, ಅದು ತನ್ನ ಪತ್ರವಲ್ಲವೆಂದು ಅವಳು ಹರಿದುಹಾಕುತ್ತಾಳೆ. ಡಕಾರ್‌ನಲ್ಲಿ ಕೆಲಸಕ್ಕೆ ಸೇರಿದಾಗ ಅವಳು ಯಜಮಾನರಿಗೆ ಪ್ರೀತಿಯಿಂದ ಕೊಟ್ಟ ಮುಖವಾಡ ಗೋಡೆಗೆ ತೂಗುಹಾಕಿದ ಅಲಂಕಾರವಾಗಿದೆ. ಅದನ್ನೂ ಅವಳು ಮರಳಿ ಕಿತ್ತುಕೊಳ್ಳುತ್ತಾಳೆ. ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಸೆಂಬೆನ್ ಅದನ್ನು ಮನೆಯ ಹಂಬಲದ ಫಲವೆಂದು ಚಿತ್ರಿಸಿಲ್ಲ. ಸೆನೆಗಲ್ ಫ್ರಾನ್ಸಿನಿಂದ ಸ್ವತಂತ್ರವಾದದ್ದು 1960ರಲ್ಲಿ. ಅದಾದ ಮೇಲೂ ಆ ಮನೆಯೊಳಗೆ ಹಳೆಯ ಒಡೆತನ ಹಾಗೆಯೇ ಮುಂದುವರಿದಿತ್ತು ಎಂಬುದು ಅವರ ಆರೋಪ. ಆದ್ದರಿಂದ ಈ ಚಿತ್ರದ ಬಗ್ಗೆ ಬರೆಯುವಾಗ ಸಾಂಸ್ಕೃತಿಕ ಆಘಾತ ಎಂಬ ಶೀರ್ಷಿಕೆ ಕೊಡುವುದು ತಪ್ಪು ಎಂದೇ ನಾನು ಹೇಳುತ್ತೇನೆ, ಏಕೆಂದರೆ ಆ ಶೀರ್ಷಿಕೆ ದಬ್ಬಾಳಿಕೆಯನ್ನು ಹೊಂದಾಣಿಕೆಯ ಕೊರತೆಯಾಗಿ ಮಾರ್ಪಡಿಸಿಬಿಡುತ್ತದೆ.

ಮರಳಿ ಹೋಗುವವರ ಕಥೆ ಸಿನಿಮಾದಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ. ಊರಿಗೆ ಹಿಂದಿರುಗಿದಾಗಲೂ ಎರಡನೆಯ ಕುಸಿತವಿರುತ್ತದೆ ಎಂದು ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲಿ ‘ಡಬ್ಲ್ಯು’ ಆಕಾರದ ರೇಖೆಯನ್ನು ಮುಂದಿಟ್ಟರು. ವಾಂಗ್ ಕಾರ್-ವಾಯ್ ಅವರ 1997ರ ‘ಹ್ಯಾಪಿ ಟುಗೆದರ್’ ಚಿತ್ರದಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಲುಕಿದ ಹಾಂಗ್‌ಕಾಂಗ್‌ನ ಲಾಯ್, ಗೆಳೆಯ ಕೊಟ್ಟ ಟೇಪ್ ರೆಕಾರ್ಡರಿನಲ್ಲಿ ತನ್ನ ದುಃಖವನ್ನು ಹೇಳಲು ಹೋಗಿ ಬರೀ ಬಿಕ್ಕಳಿಸುತ್ತಾನೆ. ಅವನು ಊರಿನತ್ತ ಹೊರಟದ್ದನ್ನು, ದಾರಿಯಲ್ಲಿ ತೈಪೆಯಲ್ಲಿ ಇಳಿದದ್ದನ್ನು ಚಿತ್ರ ತೋರಿಸುತ್ತದೆ, ಮನೆ ಸೇರಿದ್ದನ್ನು ತೋರಿಸುವುದಿಲ್ಲ. ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಈ ಕಡೆ ಗಮನ ಹರಿಸಬಹುದು: ಮರಳುವಿಕೆಯನ್ನು ಕೊನೆಯ ದೃಶ್ಯವಾಗಿಸದೆ ಮೊದಲ ದೃಶ್ಯವಾಗಿಸಿಕೊಂಡ ಚಿತ್ರಗಳನ್ನು ಕಲೆಹಾಕಿ, ಅವುಗಳಲ್ಲಿ ಕ್ಯಾಮೆರಾ ಯಾರ ಕಡೆಯಿಂದ ನೋಡುತ್ತದೆ, ಬಂದವರ ಕಡೆಯಿಂದಲೋ ಊರಿನಲ್ಲೇ ಉಳಿದವರ ಕಡೆಯಿಂದಲೋ, ಎಂಬುದನ್ನು ದೃಶ್ಯ ದೃಶ್ಯವಾಗಿ ಗುರುತು ಮಾಡಿಕೊಳ್ಳುತ್ತ ಹೋಗಬೇಕು.