ಬಿತ್ಸಾನ್ ಹೊಡೆದ ಗೋಲು ಒಟ್ಟು ಎಷ್ಟು?

2021ರ ಜನವರಿ 20. ಇಟಲಿಯ ಸೂಪರ್ ಕಪ್‌ನಲ್ಲಿ ಯುವೆಂಟಸ್ ಕ್ಲಬ್ ಪರ ಕ್ರಿಸ್ಟಿಯಾನೊ ರೊನಾಲ್ಡೊ ಒಂದು ಗೋಲು ಹೊಡೆದರು. ಅವರ 760ನೇ ಗೋಲು. ಆಸ್ಟ್ರಿಯಾ, ಝೆಕೊಸ್ಲೊವಾಕಿಯಾಗಳಲ್ಲಿ ಆಡಿದ ಹಳೆಯ ಆಟಗಾರ ಯೋಸೆಫ್ ಬಿತ್ಸಾನ್ ಹೆಸರಲ್ಲಿದ್ದ 759 ಗೋಲುಗಳ ವಿಶ್ವದಾಖಲೆ ಮುರಿಯಿತು ಅಂತ ಸುದ್ದಿಯಾಯಿತು. ಝೆಕ್ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. ನಾವು ಎಣಿಸಿದ್ದೇವೆ, 821 ಇದೆ ಎಂದಿತು. ಹಳೆಯ ಅಂಕಿಅಂಶ ಕೆದಕುವವರ ಬಳಿ ಇದ್ದದ್ದು ಇನ್ನೊಂದೇ ಲೆಕ್ಕ, 805.

ಒಬ್ಬನೇ ಆಟಗಾರ, ಮೂರು ಲೆಕ್ಕ. ಗೊಂದಲ ಯಾವುದನ್ನು ಎಣಿಸಬೇಕು ಅನ್ನುವುದರಲ್ಲಿದೆ. ಎರಡನೇ ಡಿವಿಜನ್ ಗೋಲು ಸೇರಬೇಕಾ? ಮೀಸಲು ತಂಡದ್ದು? ಯುದ್ಧದ ಕಾಲದ ಲೀಗ್? ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಇಂಗ್ಲೆಂಡಿನ ಜ್ಯಾಕ್ ಹಾಬ್ಸ್ ಶತಕ 197 ಅಂತ ಒಬ್ಬರು, 199 ಅಂತ ಇನ್ನೊಬ್ಬರು ಇವತ್ತಿಗೂ ಜಗಳ ಆಡ್ತಾರಲ್ವಾ, ಹಾಗೆಯೇ.

ಬಿತ್ಸಾನ್ ಹುಟ್ಟಿದ್ದು 1913ರಲ್ಲಿ, ವಿಯೆನ್ನಾದ ಬಡ ಝೆಕ್ ಕುಟುಂಬದಲ್ಲಿ. ಅಪ್ಪನೂ ಫುಟ್‌ಬಾಲ್ ಆಟಗಾರ. ಪಂದ್ಯವೊಂದರಲ್ಲಿ ಪೆಟ್ಟಾಗಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಶೂ ಕೊಳ್ಳಲು ಕಾಸಿರಲಿಲ್ಲ, ಹುಡುಗ ಬರಿಗಾಲಲ್ಲೇ ಬೀದಿಯಲ್ಲಿ ಆಡಿ ಚೆಂಡಿನ ಮೇಲೆ ಹಿಡಿತ ಕಲಿತ. ಅವನ ಓಟವೂ ಜೋರು: 100 ಮೀಟರ್‌ಗೆ 10.8 ಸೆಕೆಂಡು. ರಾಪಿಡ್ ವಿಯೆನ್ನಾ ಕ್ಲಬ್‌ನಲ್ಲಿದ್ದಾಗ 1934ರ ವಿಶ್ವಕಪ್‌ನಲ್ಲಿ ಆಸ್ಟ್ರಿಯಾ ಪರ ಸೆಮಿಫೈನಲ್‌ವರೆಗೆ ಹೋದರು. ಆಮೇಲೆ ಅಡ್ಮಿರಾ ಕ್ಲಬ್ ದಾಟಿ 1937ರಲ್ಲಿ ಪ್ರಾಗ್‌ನ ಸ್ಲಾವಿಯಾ ಕ್ಲಬ್ ಸೇರಿದರು. ಝೆಕೊಸ್ಲೊವಾಕಿಯಾದ ಪೌರತ್ವ ಕೇಳಿದರು. ಗುಮಾಸ್ತನ ತಪ್ಪಿನಿಂದ ಕಾಗದ ತಡವಾಗಿ 1938ರ ವಿಶ್ವಕಪ್ ಕೈತಪ್ಪಿತು.

ಆಮೇಲೆ ಯುದ್ಧ. ಜರ್ಮನ್ನರ ಹಿಡಿತದಲ್ಲಿದ್ದ ಪ್ರಾಗ್‌ನಲ್ಲಿ ಲೀಗ್ ಮಾತ್ರ ನಿಲ್ಲಲಿಲ್ಲ. 1943-44ರ ಒಂದೇ ಸೀಸನ್‌ನಲ್ಲಿ ಬಿತ್ಸಾನ್ 57 ಗೋಲು ಹೊಡೆದರು. ಅನುಮಾನ ಹುಟ್ಟುವುದೇ ಇಲ್ಲಿ: ಎದುರಾಳಿಗಳು ದುರ್ಬಲರು, ಸುಮ್ನೆ ಗೋಲು ರಾಶಿ ಬಿದ್ದಿದೆ ಅಂತಾರೆ. ಗೋಲಿನ ಅವಕಾಶ ಅನ್ನೋದು ನೂರು ವರ್ಷದ ಹಿಂದೆಯೂ ಅವಕಾಶವೇ, ನೂರು ವರ್ಷ ಆದಮೇಲೂ ಅಷ್ಟೇ ಅನ್ನುವುದು ಬಿತ್ಸಾನ್ ಉತ್ತರ. ನನಗೂ ಅದೇ ಸರಿ ಅನಿಸುತ್ತದೆ. ಯುದ್ಧಕ್ಕೆ ಮುಂಚೆ ಆಸ್ಟ್ರಿಯಾ ಪರ 19 ಪಂದ್ಯಗಳಲ್ಲಿ 14 ಗೋಲು ಹೊಡೆದವರು ಅವರು.

ಯುದ್ಧ ಮುಗಿದ ಮೇಲೆ ಕರೆದದ್ದು ಯಾರು ಗೊತ್ತಾ? ಇದೇ ಯುವೆಂಟಸ್. ಇಟಲಿಯಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬರುತ್ತಾರೆ ಅಂತ ಹೆದರಿ ಬಿತ್ಸಾನ್ ಹೋಗಲಿಲ್ಲ. 1948ರಲ್ಲಿ ಕಮ್ಯುನಿಸ್ಟರು ಬಂದದ್ದು ಝೆಕೊಸ್ಲೊವಾಕಿಯಾದಲ್ಲಿ! ಬಿತ್ಸಾನ್ ಅವರ ಪಕ್ಷ ಸೇರಲು ಒಪ್ಪಲಿಲ್ಲ. 1953ರ ಮೇ ದಿನದಂದು ಹ್ರಾದೆತ್ಸ್ ಕ್ರಾಲೊವೆ ಊರಿನಲ್ಲಿ ಜನ ಅಧ್ಯಕ್ಷ ಝಾಪೊಟೊಟ್ಸ್ಕಿಯ ಬದಲು ಬಿತ್ಸಾನ್‌ಗೆ ಜೈಕಾರ ಹಾಕಿದರಂತೆ. ಊರು ಬಿಡಬೇಕಾಯಿತು. 1955ರವರೆಗೆ ಆಡಿದ ಆ ಕಾಲುಗಳು ಮುಂದೆ ಪ್ರಾಗ್‌ನ ರೈಲು ನಿಲ್ದಾಣವೊಂದರಲ್ಲಿ ಕೂಲಿಗೆ ಹೋದವು.

ರೊನಾಲ್ಡೊ 2022ರ ಮಾರ್ಚ್‌ನಲ್ಲಿ 805 ದಾಟಿದರು, ಮುಂದಿನ ವರ್ಷ 821 ಕೂಡ. ಮೊದಲ ಸ್ಥಾನದ ಜಗಳ ಅಲ್ಲಿಗೆ ಮುಗಿಯಿತು, ಬಿತ್ಸಾನ್ ಲೆಕ್ಕ ಮುಗಿಯಲಿಲ್ಲ.

1969ರಲ್ಲಿ ಪೆಲೆ ಸಾವಿರದ ಗೋಲು ಹೊಡೆದಾಗ ಪತ್ರಕರ್ತರು ಬೇರೆ ಯಾರಾದರೂ ಇದ್ದಾರಾ ಅಂತ ಹುಡುಕಿದರು. ಹಳೆಯ ಆಸ್ಟ್ರಿಯನ್ ಆಟಗಾರ ಫ್ರಾಂಜ್ ಬಿಂಡರ್ ಬಿತ್ಸಾನ್ ಹೆಸರು ಹೇಳಿದರು, ಸ್ನೇಹ ಪಂದ್ಯ ಎಲ್ಲ ಸೇರಿದರೆ ಐದು ಸಾವಿರ ಆಗುತ್ತದೆ ಅಂತ. ನೀವೇ ಯಾಕೆ ಹೇಳಿಕೊಳ್ಳಲಿಲ್ಲ ಅಂದರೆ ಬಿತ್ಸಾನ್ ಕೇಳಿದ್ದಿಷ್ಟೇ: ಪೆಲೆಗಿಂತ ಐದು ಪಟ್ಟು ಜಾಸ್ತಿ ಹೊಡೆದಿದ್ದೇನೆ ಅಂದರೆ ಯಾರು ನಂಬುತ್ತಿದ್ದರು?